ಹೆದರಿಕೆಯನ್ನು ಅಳೆಯುವವರ ನಡುವೆ

ಯಶವಂತಪುರ ನಿಲ್ದಾಣದಲ್ಲಿ ಇಳಿದು ಸಿ.ವಿ. ರಾಮನ್ ರಸ್ತೆ ಹಿಡಿದರೆ, ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳು ಬೇಗ ಕಣ್ಣಿಗೆ ಬೀಳುತ್ತವೆ. ಗೇಟಿನಲ್ಲಿ ಹೆಸರೇನು, ಯಾವ ಊರು, ಯಾರನ್ನು ಕಾಣಬೇಕು ಎಂದು ವಿಚಾರಿಸಿದರು. ಬೆಳ್ಳಟ್ಟಿ, ಶಿರಹಟ್ಟಿ ತಾಲೂಕು, ಗದಗ ಜಿಲ್ಲೆ ಎಂದು ಹೇಳಿ ಒಳಗೆ ನಡೆದೆ. ನಾನು ಹುಡುಕಿಕೊಂಡು ಬಂದದ್ದು ಆ ದೊಡ್ಡ ಸಂಸ್ಥೆಯನ್ನಲ್ಲ, ಅದರ ಅಂಗಳದೊಳಗೇ ಇರುವ ಇನ್ನೊಂದು ಚಿಕ್ಕ ಸಂಸ್ಥೆಯನ್ನು. ಹೆಸರು ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ. ಎಲ್ಲರ ಬಾಯಲ್ಲಿ ನಿಯಾಸ್. ಕ್ಷಿಪಣಿ, ಉಪಗ್ರಹ, ಅಣ್ವಸ್ತ್ರ, ಭಯೋತ್ಪಾದನೆ, ನೆರೆಹೊರೆಯ ದೇಶಗಳ ಒಳಜಗಳ, ಇವನ್ನೆಲ್ಲ ಹಗಲೆಲ್ಲ ಕೂತು ಓದಿ ಬರೆಯುವುದೇ ಉದ್ಯೋಗವಾದ ಮಂದಿ ಇಲ್ಲಿದ್ದಾರೆ. ಅವರು ಎಂಥವರು, ಎಲ್ಲಿಂದ ಬಂದವರು, ದಿನವಿಡೀ ಏನು ಮಾಡುತ್ತಾರೆ ಎಂಬುದನ್ನು ತಿಳಿಯುವುದು ನನಗೆ ಬೇಕಿತ್ತು.

ನಮ್ಮ ಕಡೆ ದೇಶದ ಭದ್ರತೆ ಎಂದರೆ ಮೊದಲು ಒಬ್ಬ ಮನುಷ್ಯನ ಮುಖ ನೆನಪಾಗುತ್ತದೆ. ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕರು. ಆರು ದಿನಗಳ ನಂತರ ಉಸಿರಾಡುತ್ತಿದ್ದಂತೆಯೇ ಅವರನ್ನು ಹೊರತೆಗೆದಾಗ ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯ ಗುಡಿಗಳಲ್ಲೂ ದರ್ಗಾಗಳಲ್ಲೂ ಜನ ಬೇಡಿಕೊಂಡರು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಬೆಳ್ಳಟ್ಟಿಯಂಥ ಊರುಗಳಲ್ಲಿ ನಸುಕಿಗೇ ಎದ್ದು ಭರ್ತಿಗಾಗಿ ಓಡುವ ಹುಡುಗರ ಕಣ್ಣೆದುರು ಇರುವುದು ಈ ಒಂದೇ ದಾರಿ: ಸೇನೆ, ಇಲ್ಲವೇ ಪೊಲೀಸ್. ಗಡಿಯಲ್ಲಿ ನಿಲ್ಲುವವರಿಗೆ ಮುಂಚೆ, ಎಲ್ಲಿ ನಿಲ್ಲಬೇಕು, ಎದುರಿಗಿರುವುದು ಏನು, ನಿಲ್ಲುವ ಅಗತ್ಯವಿದೆಯೇ ಎಂದು ಲೆಕ್ಕ ಹಾಕುವ ಇನ್ನೊಂದು ಜಾತಿಯ ಕೆಲಸಗಾರರಿರುತ್ತಾರೆ ಎಂಬುದನ್ನು ಆ ಹುಡುಗರಿಗೆ ಯಾರೂ ಹೇಳಿಲ್ಲ.

ನಿಯಾಸ್ ಕಡೆಗೆ ಹೋಗುವ ಮುನ್ನ ಒಂದು ಕಡೆ ನಿಲ್ಲಲೇಬೇಕು. ಜೆ.ಎನ್. ಟಾಟಾ ಸಭಾಂಗಣ. 2005ರ ಡಿಸೆಂಬರ್ 28ರ ಸಂಜೆ ಇಲ್ಲಿ ಆಪರೇಷನ್ಸ್ ರಿಸರ್ಚ್ ಸಮ್ಮೇಳನ ನಡೆದಿತ್ತು. ದಿನದ ಗೋಷ್ಠಿ ಮುಗಿಸಿ ಹೊರಬರುತ್ತಿದ್ದವರ ಮೇಲೆ ಗುಂಡು ಹಾರಿತು. ದೆಹಲಿ ಐಐಟಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ಸತ್ತರು, ನಾಲ್ವರು ಗಾಯಗೊಂಡರು. ಇರುವಷ್ಟೇ ಆಳು, ಗಾಡಿ, ಹೊತ್ತನ್ನು ಎಲ್ಲಿಗೆ ಹೇಗೆ ಹಂಚಿದರೆ ಹೆಚ್ಚು ಫಲ ಎಂದು ಗಣಿತದಿಂದ ಹೇಳುವ ವಿದ್ಯೆ ಆಪರೇಷನ್ಸ್ ರಿಸರ್ಚ್. ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ರಾಡಾರುಗಳನ್ನು ಎಲ್ಲಿಡಬೇಕು, ಹಡಗುಗಳನ್ನು ಹೇಗೆ ಕಾಪಾಡಬೇಕು ಎಂಬ ಚಿಂತೆಯಲ್ಲೇ ಅದು ಬೆಳೆದದ್ದು. ಜನರನ್ನು ಕಾಯುವ ಲೆಕ್ಕದಿಂದ ಹುಟ್ಟಿದ ಶಾಸ್ತ್ರದ ಸಭೆಗೇ ಬಂದೂಕು ಬಂತು. ಕರ್ನಾಟಕದ ವಿದ್ವತ್ತಿನ ಲೋಕಕ್ಕೆ ಅಂದು ಬಿದ್ದ ಏಟು ನಾವು ನೆನೆಯುವುದಕ್ಕಿಂತ ದೊಡ್ಡದು. ಕ್ಯಾಂಪಸ್ಸುಗಳ ಗೇಟಿನಲ್ಲಿ ಇಂದು ಹೆಸರು ಬರೆಸಬೇಕಾಗಿರುವುದರ ಹಿಂದೆ ಆ ಸಂಜೆಯೂ ಇದೆ.

ಆ ದಾಳಿಗೆ ಎರಡು ವರ್ಷ ತುಂಬದಷ್ಟು ಮುಂಚೆ, 2004ರ ಜನವರಿಯಲ್ಲಿ, ಇದೇ ಅಂಗಳದ ನಿಯಾಸ್ ಸಂಸ್ಥೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಂತರರಾಷ್ಟ್ರೀಯ ಭದ್ರತಾ ಸಮಿತಿಯ ಜೊತೆ ಗೋವಾದಲ್ಲಿ ಕಾರ್ಯಾಗಾರ ನಡೆಸಿತ್ತು. ವಿಷಯ: ಭಯೋತ್ಪಾದನೆಯನ್ನು ಎದುರಿಸುವಲ್ಲಿ ವಿಜ್ಞಾನ, ತಂತ್ರಜ್ಞಾನ ಏನು ಮಾಡಬಲ್ಲವು. 2001ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಗೋಪುರಗಳು ಉರುಳಿದ್ದವು, ಅದೇ ಡಿಸೆಂಬರ್ 13ರಂದು ನಮ್ಮ ಸಂಸತ್ತಿನ ಮೇಲೆ ದಾಳಿಯಾಗಿತ್ತು. ಎರಡೂ ದೇಶಗಳ ವಿಜ್ಞಾನಿಗಳು ಒಂದೆಡೆ ಕೂತು ಮಾತಾಡಿದ್ದು ಪುಸ್ತಕವಾಗಿ 2007ರಲ್ಲಿ ಹೊರಬಂತು. ಸಂಪಾದಕರಲ್ಲಿ ಇಬ್ಬರು ನಿಯಾಸ್‌ನವರು, ರೊದ್ದಂ ನರಸಿಂಹ ಮತ್ತು ಅರವಿಂದ್ ಕುಮಾರ್. ಗೋವಾದಲ್ಲಿ ಮಾತಾಡಿದಂಥದ್ದೇ, ಪುಸ್ತಕ ಬರುವ ಮೊದಲೇ, ಪಕ್ಕದ ಜೆ.ಎನ್. ಟಾಟಾ ಸಭಾಂಗಣದಲ್ಲಿ ನಡೆದುಹೋಗಿತ್ತು. ಸಂಶೋಧನೆ ಎಂದರೆ ದೂರದ ದೇಶಗಳ ಸುದ್ದಿ ಎಂದು ಹೇಳುವವರಿಗೆ ಈ ಎರಡು ತಾರೀಖುಗಳನ್ನು ಜೊತೆಗಿಟ್ಟು ತೋರಿಸಬೇಕು ಅನ್ನಿಸುತ್ತದೆ.

ನಿಯಾಸ್ ಕಟ್ಟಡಗಳಲ್ಲಿ ಆಡಂಬರವಿಲ್ಲ. ಮರಗಳ ನೆರಳು, ಗ್ರಂಥಾಲಯ, ಉಪನ್ಯಾಸದ ಕೋಣೆ, ಜೆ.ಆರ್.ಡಿ. ಟಾಟಾ ಹೆಸರಿನ ಸಭಾಂಗಣ. 1988ರಲ್ಲಿ ಇದು ಶುರುವಾದದ್ದೇ ಜೆ.ಆರ್.ಡಿ. ಅವರ ಬಯಕೆಯಿಂದ. ಮೊದಲ ನಿರ್ದೇಶಕ ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. 1974ರ ಪೋಖ್ರಾನ್ ಪರೀಕ್ಷೆಯ ಮುಂದಾಳು, ಒಳ್ಳೆಯ ಪಿಯಾನೊ ವಾದಕ, 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆಗಿದ್ದವರು. ಅಧಿಕಾರಿ, ವಿಜ್ಞಾನಿ, ಸಮಾಜಶಾಸ್ತ್ರಜ್ಞ, ಕಲಾವಿದ ಒಂದೇ ಮೇಜಿನ ಸುತ್ತ ಕೂಡಬೇಕು ಎಂಬುದು ಇದರ ಮೂಲ ಕಲ್ಪನೆ. ಹಾಗಾಗಿ ಕ್ಷಿಪಣಿಯ ಬಗ್ಗೆ ಬರೆಯುವವರ ನೆರೆಹೊರೆ ಇಲ್ಲಿ ಬೇರೆಯೇ ಥರ. ಕಂಚಿನ ವಿಗ್ರಹಗಳ ಲೋಹ, ದಕ್ಷಿಣ ಭಾರತದ ಹಳೆಯ ಉಕ್ಕು ಇವುಗಳನ್ನು ಪರೀಕ್ಷಿಸಿದ ಶಾರದಾ ಶ್ರೀನಿವಾಸನ್, ಕೋತಿಗಳ ನಡತೆಯನ್ನು ವರ್ಷಗಟ್ಟಲೆ ಗಮನಿಸಿದ ಅನಿಂದ್ಯ ಸಿನ್ಹಾ ಇದೇ ಸಂಸ್ಥೆಯವರು. ರಾಂಪುರ ಎಂಬ ಹಳ್ಳಿಯ ಸಮಾಜವನ್ನು ಜಗತ್ತಿಗೆ ಪರಿಚಯಿಸಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದೂ ಇಲ್ಲೇ. ಬುಧವಾರಗಳಂದು ಎಲ್ಲ ವಿಭಾಗದವರೂ ಕೂಡಿ ಒಬ್ಬರ ಉಪನ್ಯಾಸ ಕೇಳಿ ಚರ್ಚೆ ಮಾಡುವುದು ಸಂಸ್ಥೆಯ ಹಳೆಯ ರೂಢಿ. ಲೋಹ ಬಲ್ಲವರು, ಸಮಾಜ ಬಲ್ಲವರು ಎದುರಿಗೆ ಕೂತಿರುವಲ್ಲಿ ಯುದ್ಧದ ಮಾತನ್ನು ಬಾಯಿಗೆ ಬಂದಂತೆ ಆಡಲಾಗುವುದಿಲ್ಲ. ಭದ್ರತೆಯ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ ಎಂದು ನನ್ನ ಅಭಿಪ್ರಾಯ.

ಇನ್ನು ಇಲ್ಲಿ ದುಡಿದವರ ವಿಚಾರ. ಅವರ ಹಿಂದಿನ ಬದುಕು ಏನೆಂದು ಕೇಳುತ್ತ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಹೆಚ್ಚಿನವರು ಬೇರೊಂದು ಕೆಲಸವನ್ನು ಅರ್ಧ ಆಯುಷ್ಯ ಮಾಡಿ ಬಂದವರು. ಅಂತರರಾಷ್ಟ್ರೀಯ ಕಾರ್ಯತಂತ್ರ ಮತ್ತು ಭದ್ರತಾ ಅಧ್ಯಯನ ವಿಭಾಗವನ್ನು ಮುನ್ನಡೆಸಿದ ರಾಜಾರಾಂ ನಾಗಪ್ಪ ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ ಘನ ಇಂಧನದ ರಾಕೆಟ್ಟುಗಳನ್ನು ಕಟ್ಟಿದವರು. ಎಸ್. ಚಂದ್ರಶೇಖರ್ ಇಸ್ರೋದಲ್ಲಿ ಎರಡು ದಶಕ ಕಳೆದು, ಬೆಂಗಳೂರಿನ ಐಐಎಂನಲ್ಲಿ ಪಾಠ ಹೇಳಿ, ಆಮೇಲೆ ಇಲ್ಲಿಗೆ ಬಂದವರು. ಇವರ ಜೊತೆ ಲಲಿತಾ ಸುಂದರೇಶನ್, ಎನ್. ರಮಣಿ ಹಲವು ವರದಿಗಳಲ್ಲಿ ಕೈಜೋಡಿಸಿದ್ದಾರೆ. ಗುಪ್ತಚರರೂ ಅಲ್ಲ, ಬಂದೂಕು ಹಿಡಿದವರೂ ಅಲ್ಲ. ತಾವೇ ರಾಕೆಟ್ ಮಾಡಿ ಅದರ ಕಷ್ಟ ಬಲ್ಲವರು, ಇನ್ನೊಬ್ಬರು ಮಾಡಿದ ರಾಕೆಟ್ಟನ್ನು ಓದಲು ಕೂತರು.

ಆ ಓದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಪಿಯುಸಿ ಭೌತಶಾಸ್ತ್ರ ಓದಿದ ಯಾರಿಗೂ ಇದು ತಿಳಿಯುತ್ತದೆ. ಒಂದು ದೇಶ ಹೊಸ ಕ್ಷಿಪಣಿ ಪರೀಕ್ಷಿಸಿದೆ ಎನ್ನಿ. ಪತ್ರಿಕೆಗೆ ಬಿಡುವುದು ಒಂದು ಫೋಟೊ, ಒಂದು ಹೇಳಿಕೆ. ಹೇಳಿಕೆಯನ್ನು ನಂಬುವಂತಿಲ್ಲ. ಫೋಟೊ ಮಾತ್ರ ಸುಳ್ಳು ಹೇಳುವುದು ಕಷ್ಟ. ಬಾಗಿಲಲ್ಲಿ ನಿಂತವನ ಎತ್ತರ ಗೊತ್ತಿದ್ದರೆ ಪಟದಲ್ಲಿರುವ ಬಾಗಿಲ ಎತ್ತರವನ್ನೂ ಹೇಳಬಹುದಲ್ಲ, ಹಾಗೆ ಕ್ಷಿಪಣಿಯನ್ನು ಹೊತ್ತ ವಾಹನದ ಚಕ್ರದ ಅಳತೆ ಗೊತ್ತಿದ್ದರೆ ಕ್ಷಿಪಣಿಯ ಉದ್ದ, ಅಡ್ಡಳತೆ ಎರಡೂ ಸಿಗುತ್ತವೆ. ಕ್ಯಾಮೆರಾ ಓರೆಯಾಗಿದ್ದರೆ ಅದನ್ನು ತಿದ್ದಬೇಕು. ಒಂದೇ ಫೋಟೊ ಸಾಲದು, ಹಲವು ಬೇಕು. ಅಳತೆಯಿಂದ ಗಾತ್ರ, ಗಾತ್ರದಿಂದ ಇಂಧನದ ತೂಕ: ಒಂದು ಲೀಟರ್ ಜಾಗದಲ್ಲಿ ಘನ ಇಂಧನ ಸುಮಾರು 1.7ರಿಂದ 1.8 ಕಿಲೋ ಹಿಡಿಯುತ್ತದೆ. ಆ ಇಂಧನ ಉರಿದಾಗ ಸಿಗುವ ನೂಕುಬಲ, ಮೇಲಿನ ಸಿಡಿತಲೆಯ ಭಾರ, ಇವೆರಡೂ ಕೈಗೆ ಬಂದರೆ ಎಷ್ಟು ದೂರ ಹೋಗಬಲ್ಲದು ಎಂಬುದು ಹೊರಬೀಳುತ್ತದೆ. ಸರ್ಕಾರಿ ಹೇಳಿಕೆಗೂ ಈ ಲೆಕ್ಕಕ್ಕೂ ತಾಳೆ ಬಿದ್ದರೆ ಸರಿ; ಬೀಳದಿದ್ದರೆ ನಿಜವಾದ ಸಂಶೋಧನೆ ಅಲ್ಲಿಂದ ಶುರು.

ಪಾಕಿಸ್ತಾನ 2011ರ ಏಪ್ರಿಲ್‌ನಲ್ಲಿ ನಸ್ರ್ ಎಂಬ 60 ಕಿಲೋಮೀಟರ್ ವ್ಯಾಪ್ತಿಯ ಕ್ಷಿಪಣಿ ಪರೀಕ್ಷಿಸಿ, ಇದು ಅಣ್ವಸ್ತ್ರ ಒಯ್ಯಬಲ್ಲದು ಎಂದಿತು. ಟಿವಿ ಚರ್ಚೆಗಳು ಕಾವೇರಿದವು. ನಿಯಾಸ್ 2013ರಲ್ಲಿ ಹೊರತಂದ ವರದಿಯಲ್ಲಿ ನಾಗಪ್ಪ ಮತ್ತು ಅವರ ಕಿರಿಯ ಸಹಲೇಖಕರು ಕಾವೇರದೆ ಎರಡು ಪ್ರಶ್ನೆ ಕೇಳಿದರು: ಅಷ್ಟು ತೆಳ್ಳನೆಯ ಕ್ಷಿಪಣಿಯೊಳಗೆ ಅಣು ಸಿಡಿತಲೆ ಕೂರಬೇಕಾದರೆ ಅದು ಎಂಥದ್ದಿರಬೇಕು? ಕೂತರೆ ಎರಡು ದೇಶಗಳ ನಡುವಿನ ಅಳುಕಿನ ಸಮತೋಲ ಹೇಗೆ ಬದಲಾಗುತ್ತದೆ? ಅದೇ ರೀತಿ ಚೀನಾದ ಯಾವೊಗಾನ್ ಉಪಗ್ರಹಗಳ ಬಗ್ಗೆ ಚಂದ್ರಶೇಖರ್ ಮತ್ತು ಸೋಮ ಪೆರುಮಾಳ್ ಬರೆದದ್ದು. ಯಾರು ಬೇಕಾದರೂ ನೋಡಬಹುದಾದ ಉಪಗ್ರಹಗಳ ಕಕ್ಷೆಯ ಪಟ್ಟಿಯನ್ನೇ ಇಟ್ಟುಕೊಂಡು, 2010ರ ಮಾರ್ಚ್‌ನಿಂದ ಮೂರು ಮೂರಾಗಿ ಜೊತೆಯಲ್ಲಿ ಹಾರತೊಡಗಿದ ಉಪಗ್ರಹಗಳು ಹಡಗಿನ ರೇಡಿಯೊ ಸದ್ದನ್ನು ಆಲಿಸಿ, ಆ ಸದ್ದು ತಲಪುವ ಕ್ಷಣಗಳ ವ್ಯತ್ಯಾಸದಿಂದ ಹಡಗು ಎಲ್ಲಿದೆ ಎಂದು ಪತ್ತೆಹಚ್ಚುವ ವ್ಯವಸ್ಥೆಯ ಭಾಗ ಎಂದು ಅವರು ತೋರಿಸಿದರು. ಇದಕ್ಕೆ ಗುಪ್ತ ಕಡತ ಬೇಕಾಗಲಿಲ್ಲ. ತಾಳ್ಮೆ ಬೇಕಾಯಿತು, ಮತ್ತು ಕಕ್ಷೆ ಎಂದರೇನೆಂದು ಕೈಯಾರೆ ಬಲ್ಲ ಅನುಭವ.

ಇತ್ತೀಚಿನ ವರ್ಷಗಳಲ್ಲಿ ಸಂಸ್ಥೆಯ ಸಂಘರ್ಷ ಮತ್ತು ಭದ್ರತಾ ಅಧ್ಯಯನ ವಿಭಾಗದ ಡೀನ್ ಆದ ಡಿ. ಸುಬಾ ಚಂದ್ರನ್ ಇನ್ನೊಂದು ದಾರಿ ತೆರೆದರು. 2020ರಿಂದ ವಾರವಾರ ಹೊರಬರುತ್ತಿರುವ ‘ಕಾನ್‌ಫ್ಲಿಕ್ಟ್ ವೀಕ್ಲಿ’ಯಲ್ಲಿ ಬರೆಯುವವರು ಬಹುಪಾಲು ಈಗಷ್ಟೇ ಓದು ಮುಗಿಸಿದ ಯುವಕ ಯುವತಿಯರು. ಹಳೆಯ ತಂಡಕ್ಕೆ ರಾಕೆಟ್ಟಿನ ಅನುಭವ ಇತ್ತು. ಹೊಸಬರಿಗೆ ಇರುವುದು ಓದುವ ಹಸಿವು. ಸುಡಾನ್, ಮ್ಯಾನ್ಮಾರ್, ಬಲೂಚಿಸ್ತಾನ ಎಂದು ಒಬ್ಬೊಬ್ಬರು ಒಂದೊಂದು ನೆಲವನ್ನು ವಾರಗಟ್ಟಲೆ ಬಿಡದೆ ಹಿಂಬಾಲಿಸಿ, ಏನಾಯಿತು, ಅದರ ಹಿನ್ನೆಲೆ ಏನು, ಮುಂದೇನು ಎಂದು ಚುಟುಕಾಗಿ ಬರೆಯಬೇಕು. ಇದು ದುಡಿಮೆ. ಹೊರಗಿನವರಿಗೆ ರೋಮಾಂಚಕವಾಗಿ ಕಾಣುವ ವಿಷಯದ ಒಳಗೆ ಇಷ್ಟು ನೀರಸ ಶಿಸ್ತು ಇರುತ್ತದೆ ಎಂದು ಇಲ್ಲಿಗೆ ಬರುವವರೆಗೆ ಊಹಿಸುವುದು ಕಷ್ಟ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಶುರುವಾದ ಸ್ಟಾರ್ಟ್ ಎಂಬ ಕೇಂದ್ರದ ಕಥೆ ಈ ನೀರಸ ಶಿಸ್ತಿನ ಬೆಲೆಯನ್ನು ಚೆನ್ನಾಗಿ ಹೇಳುತ್ತದೆ. ಜಗತ್ತಿನ ಭಯೋತ್ಪಾದಕ ಘಟನೆಗಳ ಅತಿ ದೊಡ್ಡ ಪಟ್ಟಿ ಅವರದು. 1970ರಿಂದ ಈಚೆಗಿನ 2,00,000ಕ್ಕೂ ಹೆಚ್ಚು ಘಟನೆಗಳು ಅದರಲ್ಲಿವೆ. ಅದರ ಬುನಾದಿ ಪಿಂಕರ್ಟನ್ ಎಂಬ ಖಾಸಗಿ ಕಾವಲು ಸಂಸ್ಥೆಯ ನೌಕರರು 1970ರಿಂದ 1997ರವರೆಗೆ ಸುದ್ದಿ ಓದಿ ಕಾರ್ಡುಗಳಲ್ಲಿ ಕೈಬರಹದಲ್ಲಿ ಗುರುತು ಹಾಕಿಕೊಂಡದ್ದು. ಒಮ್ಮೆ ಕಚೇರಿ ಬದಲಾಯಿಸುವಾಗ 1993ರ ಕಾರ್ಡುಗಳು ಕಳೆದುಹೋದವು. ಇವತ್ತಿಗೂ ಆ ಪಟ್ಟಿಯಲ್ಲಿ 1993 ಸರಿಯಾಗಿ ತುಂಬಿಲ್ಲ. ನಮಗೆ ಅದು ಎಂಥ ವರ್ಷ! ಮಾರ್ಚ್ 12ರಂದು ಮುಂಬಯಿಯಲ್ಲಿ ಸರಣಿ ಸ್ಫೋಟಗಳಾದ ವರ್ಷ. ಭದ್ರತಾ ಕೇಂದ್ರ ಎಂದೊಡನೆ ನಾವು ದೊಡ್ಡ ಪ್ರಾಧ್ಯಾಪಕರ ಹೆಸರು ಕೇಳುತ್ತೇವೆ. ಪಟ್ಟಿ ತುಂಬುವ ವಿದ್ಯಾರ್ಥಿ, ಕಡತ ಜೋಡಿಸುವ ಗುಮಾಸ್ತ, ಹಳೆಯ ಪತ್ರಿಕೆ ಹುಡುಕಿಕೊಡುವ ಗ್ರಂಥಪಾಲಕಿ ಇಲ್ಲದಿದ್ದರೆ ಆ ಪ್ರಾಧ್ಯಾಪಕರ ಬಳಿ ಹೇಳಲು ಏನೂ ಇರುವುದಿಲ್ಲ.

ಕಾರಿಡಾರಿನಲ್ಲಿ ನಡೆಯುತ್ತ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆ. ಇಲ್ಲಿನ ವರದಿಗಳೆಲ್ಲ ಇಂಗ್ಲಿಷಿನಲ್ಲಿವೆ. ದೆಹಲಿ, ವಾಷಿಂಗ್ಟನ್, ಬೀಜಿಂಗ್ ಓದಲಿ ಎಂದು ಬರೆದವು. ಅದು ಸಹಜ, ತಪ್ಪಲ್ಲ. ಆದರೆ ಕರ್ನಾಟಕದ ನೆಲದ ಮೇಲೆ ಆದ ಘಟನೆಗಳನ್ನು ಒಂದೆಡೆ ಕೂಡಿಸಿ ನೋಡಿ. 2000ದ ಜುಲೈನಲ್ಲಿ ಹುಬ್ಬಳ್ಳಿಯ ಚರ್ಚಿನಲ್ಲಿ ಬಾಂಬ್. 2008ರ ಮೇ 10ರಂದು ಹುಬ್ಬಳ್ಳಿ ನ್ಯಾಯಾಲಯದಲ್ಲಿ ಸ್ಫೋಟ. ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟ. 2010ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ, 2013ರಲ್ಲಿ ಮಲ್ಲೇಶ್ವರ, 2014ರಲ್ಲಿ ಮತ್ತೆ ಅದೇ ಡಿಸೆಂಬರ್ 28ರಂದು ಚರ್ಚ್ ಸ್ಟ್ರೀಟ್, 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆ. ಹುಬ್ಬಳ್ಳಿ ಎಂದರೆ ಬೆಳ್ಳಟ್ಟಿಯವರಿಗೆ ಆಸ್ಪತ್ರೆಗೆ, ಸಂತೆಗೆ, ಮದುವೆ ಜವಳಿಗೆ ಹೋಗುವ ಊರು. ಈ ಘಟನೆಗಳು ಪೊಲೀಸ್ ಕಡತದಲ್ಲೂ ಪತ್ರಿಕೆಯ ಹಳೆಯ ಕಟ್ಟುಗಳಲ್ಲೂ ಇವೆ. ಒಂದು ವಿಶ್ವವಿದ್ಯಾಲಯದ ಕೋಣೆಯಲ್ಲಿ ಕೂತು, ಕನ್ನಡದಲ್ಲಿ, ಹಿಂದುಮುಂದು ಜೋಡಿಸಿ ಬರೆಯುವವರು ಬೇಕಾಗಿದ್ದಾರೆ.

ಸ್ಫೋಟಕ್ಕಿಂತ ವದಂತಿ ನಮ್ಮ ಹಳ್ಳಿಗಳಿಗೆ ಹತ್ತಿರದ ಅಪಾಯ ಎಂದೂ ನನಗೆ ತೋರುತ್ತದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಮೊಬೈಲ್ ಸಂದೇಶಗಳಿಗೆ ಹೆದರಿ ಬೆಂಗಳೂರಿನ ನಿಲ್ದಾಣಗಳಿಗೆ ನುಗ್ಗಿ ರೈಲು ಹತ್ತಿದರು. ಒಂದೇ ಸಲಕ್ಕೆ ಹಲವರಿಗೆ ಸಂದೇಶ ಕಳಿಸುವುದಕ್ಕೆ ಸರ್ಕಾರ ಕೆಲವು ದಿನ ತಡೆ ಹಾಕಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ಸುದ್ದಿ ನಂಬಿದ ಗುಂಪು ಹೈದರಾಬಾದಿನಿಂದ ಬಂದ ಯುವಕನನ್ನು ಬಡಿದು ಕೊಂದಿತು. ಇಂಥ ಸಂದೇಶ ಹುಟ್ಟುವುದು, ಹಬ್ಬುವುದು, ನಂಬಿಕೆ ಗಳಿಸುವುದು ಆಡುಮಾತಿನಲ್ಲಿ. ಬೀದರಿನ ಮಾತು ಬೇರೆ, ಗದಗಿನ ಮಾತು ಬೇರೆ, ಕರಾವಳಿಯದು ಮತ್ತೂ ಬೇರೆ. ಯಾವ ಮಾತಿಗೆ ಯಾವ ಊರು ಕೆರಳುತ್ತದೆ ಎಂಬುದನ್ನು ಉಪಗ್ರಹದಿಂದ ಅಳೆಯಲಾಗದು. ಅದಕ್ಕೆ ಆ ಊರಲ್ಲಿ ಬೆಳೆದವರೇ ಸಂಶೋಧಕರಾಗಬೇಕು.

ಕೆರಳದ ಊರುಗಳನ್ನೂ ಅಷ್ಟೇ ಗಂಭೀರವಾಗಿ ಓದಬೇಕು. ಅಶುತೋಷ್ ವಾರ್ಷ್ಣೇಯ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲೀಗಢವನ್ನೂ ಕೋಯಿಕ್ಕೋಡನ್ನೂ ಪಕ್ಕಪಕ್ಕ ಇಟ್ಟು, ಒಂದು ಕಡೆ ಮತ್ತೆ ಮತ್ತೆ ಗಲಭೆ, ಇನ್ನೊಂದು ಕಡೆ ಶಾಂತಿ ಯಾಕೆ ಎಂದು ಕೇಳಿದ್ದರು. ಎರಡು ಸಮುದಾಯದವರು ಒಟ್ಟಿಗೆ ಸೇರುವ ಸಂಘ, ವ್ಯಾಪಾರ, ಕೂಟಗಳು ಗಟ್ಟಿಯಿದ್ದಲ್ಲಿ ವದಂತಿಗೆ ಕಾಲೂರಲು ಜಾಗ ಸಿಗುವುದಿಲ್ಲ ಎಂಬುದು ಅವರ ಉತ್ತರದ ತಿರುಳು. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠ, ಸೋಮೇಶ್ವರನ ಗುಡಿ ಇರುವ ಊರಲ್ಲೇ ದೂದಪೀರಾಂ ದರ್ಗಾ ಇರುವ ಲಕ್ಷ್ಮೇಶ್ವರ, ಇವೆರಡೂ ಬೆಳ್ಳಟ್ಟಿಯ ಬಗಲಿಗೇ ಇವೆ. ಇವನ್ನು ನಾವು ಭಾಷಣಗಳಲ್ಲಿ ಭಾವೈಕ್ಯದ ಬೀಡು ಎಂದು ಹೊಗಳಿ ಮುಗಿಸಿಬಿಡುತ್ತೇವೆ. ಜಾತ್ರೆಯ ಖರ್ಚನ್ನು ಯಾರು ಹೊರುತ್ತಾರೆ, ಜಗಳವಾದರೆ ಮೊದಲು ಯಾರ ಮನೆಗೆ ಹೋಗುತ್ತಾರೆ, ಪೇಟೆಯಲ್ಲಿ ಯಾರು ಯಾರಿಗೆ ಉದ್ರಿ ಕೊಡುತ್ತಾರೆ ಎಂದು ಕೇಳಿ ಬರೆದರೆ ಅದು ಅಪ್ಪಟ ಭದ್ರತಾ ಅಧ್ಯಯನವೇ. ಗದಗಿನಲ್ಲಿ 2016ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಈ ಕೆಲಸಕ್ಕೆ ಅದಕ್ಕಿಂತ ಹತ್ತಿರದ ಮನೆ ಬೇರೆ ಕಾಣೆ.

ಬಾಗಿಲುಗಳು ಈಗ ಹೆಚ್ಚಾಗಿವೆ. ಮಣಿಪಾಲದಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗವಿದೆ. ಗೋವಾದ ಪುಸ್ತಕವನ್ನು ಸಂಪಾದಿಸಿದ ಅರವಿಂದ್ ಕುಮಾರ್ ನಿಯಾಸ್‌ನಿಂದ ಅಲ್ಲಿಗೆ ಹೋಗಿ ಅದರ ಮುಖ್ಯಸ್ಥರಾಗಿದ್ದರು. 2020ರಲ್ಲಿ ಸಂಸತ್ತಿನ ಕಾಯಿದೆಯಿಂದ ಎರಡು ರಾಷ್ಟ್ರೀಯ ವಿಶ್ವವಿದ್ಯಾಲಯಗಳು ರೂಪುಗೊಂಡವು, ಒಂದು ವಿಧಿವಿಜ್ಞಾನದ್ದು, ಇನ್ನೊಂದು ರಕ್ಷಾ ವಿಶ್ವವಿದ್ಯಾಲಯ. ಎರಡರ ಕೇಂದ್ರವೂ ಗಾಂಧಿನಗರ. ಎರಡನೆಯದರ ಕ್ಯಾಂಪಸ್ಸು ಶಿವಮೊಗ್ಗದಲ್ಲಿದೆ. ಮೊದಲನೆಯದರ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿ 28ರಂದು ಶಂಕುಸ್ಥಾಪನೆಯಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಂತೂ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗ ಬಹಳ ಹಿಂದಿನಿಂದಲೂ ಇದೆ. ಬೆಳ್ಳಟ್ಟಿಯಿಂದ ಲಕ್ಷ್ಮೇಶ್ವರ, ಹುಬ್ಬಳ್ಳಿ ದಾಟಿ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದಾದ ದೂರ.

ಭರ್ತಿಗೆಂದು ಮೈದಾನ ಸುತ್ತುವ ಹುಡುಗರಿಗೂ, ವಿಜ್ಞಾನ ಓದಿ ಮುಂದೇನೆಂದು ತಿಳಿಯದೆ ಬಿ.ಇಡಿ. ಅರ್ಜಿ ತುಂಬುವ ಹುಡುಗಿಯರಿಗೂ ಊರಿನ ಮೇಷ್ಟ್ರುಗಳು ಈ ಬಾಗಿಲುಗಳ ವಿಳಾಸ ಹೇಳಬೇಕು. ಗಣಿತ ಇಷ್ಟವಿದ್ದವರಿಗೆ ಇಲ್ಲಿ ಕೆಲಸವಿದೆ, ರಸಾಯನಶಾಸ್ತ್ರ ಬಲ್ಲವರಿಗಿದೆ, ಇತಿಹಾಸ ಓದಿದವರಿಗಿದೆ, ಉರ್ದು ಕನ್ನಡ ಎರಡನ್ನೂ ಸಲೀಸಾಗಿ ಓದಬಲ್ಲ ಲಕ್ಷ್ಮೇಶ್ವರದ ಹುಡುಗನಿಗೆ ಎಲ್ಲರಿಗಿಂತ ಹೆಚ್ಚಾಗಿದೆ. ಹುಬ್ಬಳ್ಳಿಯ 2000 ಮತ್ತು 2008ರ ಎರಡು ಘಟನೆಗಳನ್ನು ಕನ್ನಡದಲ್ಲಿ ಪೂರ್ತಿಯಾಗಿ ಬರೆಯುವ ಕೆಲಸವನ್ನು ಅಂಥವರಲ್ಲಿ ಒಬ್ಬರು ನಾಳೆಯೇ ಶುರು ಮಾಡಬಹುದು. ಆಗಿನ ಪತ್ರಿಕೆಗಳಿವೆ, ನ್ಯಾಯಾಲಯದ ದಾಖಲೆಗಳಿವೆ, ಕಂಡವರು ಇನ್ನೂ ಊರಲ್ಲಿದ್ದಾರೆ.